ದಪ್ಪ, ಅಗಲ, ದುಂಡು: ಕನ್ನಡ ಬೋರ್ಡಿಗೆ ಅಕ್ಷರ ಕೂರಿಸುವುದು ಹೇಗೆ

ದಾವಣಗೆರೆಯಲ್ಲಿ ಬೋರ್ಡ್ ಮಾಡುವ ಕೆಲಸ ನನ್ನದು. ಬ್ರಶ್ ಹಿಡಿದು ಕಲಿತವನು ನಾನು. ಈಗ ಹೆಚ್ಚಿನದೆಲ್ಲ ಕಂಪ್ಯೂಟರಿನಲ್ಲೇ ಆಗುತ್ತದೆ: ಫ್ಲೆಕ್ಸ್, ವಿನೈಲ್ ಕಟಿಂಗ್, ಎಸಿಪಿ (ಅಲ್ಯೂಮಿನಿಯಂ ಹೊದಿಕೆಯ) ಶೀಟಿನ ಮೇಲೆ ಅಕ್ರಿಲಿಕ್ ಎಲ್‌ಇಡಿ ಲೆಟರ್. ಗಿರಾಕಿಗಳ ಬೇಡಿಕೆ ಮಾತ್ರ ಅಂದಿನದೇ. "ಅಕ್ಷರ ದಪ್ಪ ಇರ್ಲಿ, ಅಗಲಕ್ಕಿರ್ಲಿ, ದೂರಕ್ಕೆ ಕಾಣ್ಬೇಕ್ರೀ." ನ್ಯಾಯವಾದ ಮಾತು. ಪಿ.ಬಿ. ರಸ್ತೆಯಲ್ಲಿ ಬೈಕಿನ ಮೇಲೆ ಹೋಗುವವರಿಗೆ ಒಂದು ಬೋರ್ಡು ಓದಲು ಸಿಗುವುದು ಒಂದೆರಡು ಕ್ಷಣ. ಅಷ್ಟರಲ್ಲಿ ಕಣ್ಣಿಗೆ ಬೀಳಬೇಕಾದರೆ ಗೆರೆ ದಪ್ಪಗಿರಬೇಕು, ಅಕ್ಷರ ಅಗಲವಾಗಿ ಕೂತಿರಬೇಕು. ತುದಿ ದುಂಡಗಿದ್ದರೆ ನೋಟಕ್ಕೂ ಹಿತ. ತಿಂಡಿ ಹೋಟೆಲು, ಬೇಕರಿ, ಮಕ್ಕಳ ಬಟ್ಟೆ ಅಂಗಡಿ, ಇಂಥವಕ್ಕೆಲ್ಲ ಅದು ಚೆನ್ನಾಗಿ ಒಪ್ಪುತ್ತದೆ.

ಕಷ್ಟ ಇರುವುದು ಬೇರೆ ಕಡೆ. ಕನ್ನಡದ ಅಕ್ಷರವನ್ನು ದಪ್ಪ ಮಾಡುತ್ತ ಹೋದ ಹಾಗೆ ಅದರ ಒಳಗಿನ ಜಾಗ ಕರಗುತ್ತದೆ. ಸುರುಳಿ, ಸೀಳು, ಬೊಟ್ಟು, ಕೆಳಗಿನ ಒತ್ತು, ಎಲ್ಲವೂ ಅದೇ ಪುಟ್ಟ ಜಾಗದಲ್ಲಿ ಬಾಳಬೇಕು. ಆ ಜಾಗ ಹೋಯಿತೆಂದರೆ ಅಕ್ಷರ ಬರೀ ಉಂಡೆಯಾಗಿ ಕಾಣುತ್ತದೆ. ಎಷ್ಟು ದಪ್ಪ ಬೇಕು ಎಂದು ಗಿರಾಕಿ ಕೇಳಿದಾಗ ನಾನು ನೋಡುವುದು ಒಳಗೆ ಎಷ್ಟು ಬಿಳಿ ಉಳಿಯುತ್ತದೆ ಎಂಬುದನ್ನು. ಕೆಳಗೆ ಬರೆದಿರುವುದೆಲ್ಲ ಈ ಒಂದು ಕಾಳಜಿಯಿಂದ ಬಂದದ್ದು.

ಮೊದಲು ಮಾತನ್ನು ನೋಡಿ

ಫಾಂಟ್ ಪಟ್ಟಿ ತೆರೆಯುವ ಮೊದಲು ಬೋರ್ಡಿನ ಮೇಲೆ ಬರುವ ಮಾತನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಅಗಲದ ಅಕ್ಷರ ಎಲ್ಲ ಮಾತಿಗೂ ಹೊಂದುವುದಿಲ್ಲ. ನಮ್ಮ ಊರಿನದೇ ಉದಾಹರಣೆ ಹಿಡಿಯೋಣ: "ಬೆಣ್ಣೆ ದೋಸೆ". ನಾಲ್ಕೇ ಅಕ್ಷರ, ಒಂದೇ ಒತ್ತು. ಅಗಲದ ಅಕ್ಷರಕ್ಕೆ ಹೇಳಿ ಮಾಡಿಸಿದ ಮಾತು. ಅದೇ "ಶುದ್ಧ ಸಸ್ಯಾಹಾರಿ ಊಟ ಮತ್ತು ಉಪಾಹಾರ ಮಂದಿರ" ಎಂದಿದ್ದರೆ, ಹತ್ತಡಿ ಬೋರ್ಡಿನಲ್ಲಿ ಅಗಲದ ಅಕ್ಷರ ಇಟ್ಟ ಕೂಡಲೇ ಎತ್ತರ ಕುಗ್ಗುತ್ತದೆ. ಎತ್ತರ ಕುಗ್ಗಿದರೆ ದಪ್ಪ ಇದ್ದೂ ದೂರಕ್ಕೆ ಕಾಣದು. ಅಂಥ ಕಡೆ ಮುಖ್ಯವಾದ ಒಂದೆರಡು ಪದ ಮಾತ್ರ ಅಗಲದಲ್ಲಿ, ಉಳಿದದ್ದು ಸಾಧಾರಣ ಅಗಲದಲ್ಲಿ, ತೆಳು ತೂಕದಲ್ಲಿ (ಫಾಂಟಿನ ಮಾತಿನಲ್ಲಿ ತೂಕ ಎಂದರೆ ಗೆರೆಯ ದಪ್ಪ).

ಆಮೇಲೆ ಅಗಲ ತಿನ್ನುವ ಅಕ್ಷರಗಳನ್ನು ಎಣಿಸಿ. ಣ, ಮ, ಯ, ಝ ತಾವಾಗಿಯೇ ಅಗಲ. ಮೊ, ಯೋ, ಹೋ ಎಂದರೆ ಇನ್ನೂ ಅಗಲ, ಏಕೆಂದರೆ ಬಲಗಡೆ ಕೊಂಬು ಮತ್ತು ದೀರ್ಘ ಸೇರಿಕೊಳ್ಳುತ್ತವೆ. ಗ, ರ, ಠ ಸಣ್ಣ ಸಂಸಾರ. "ಶಿವಮೊಗ್ಗ" ಎಂದು ಬರೆದು ನೋಡಿದರೆ ಮೊ ಒಂದೇ ಅರ್ಧ ಪದವನ್ನು ನುಂಗಿದಂತೆ ಕಾಣುತ್ತದೆ. ಅರ್ಕಾವತ್ತು ಇರುವ ಮಾತುಗಳನ್ನೂ ಗಮನಿಸಿ. "ಕರ್ನಾಟಕ", "ಸೂರ್ಯ" ಎಂಬಲ್ಲಿ ಆ ಗುರುತು ಅಕ್ಷರದ ಬಲಕ್ಕೆ ಕೂರುತ್ತದೆ, ಅದಕ್ಕೂ ಜಾಗ ಬೇಕು.

ಯಾವ ಫಾಂಟು

ಈಗ ಕನ್ನಡಕ್ಕೆ ಒಳ್ಳೆಯ ಯೂನಿಕೋಡ್ (ಮೊಬೈಲು, ಕಂಪ್ಯೂಟರು ಎಲ್ಲ ಕಡೆ ಒಂದೇ ಥರ ನಡೆಯುವ ಅಕ್ಷರ ಸಂಕೇತ) ಫಾಂಟುಗಳಿವೆ, ದುಡ್ಡಿಲ್ಲದೆ ಸಿಗುತ್ತವೆ. ಈ ಬಗೆಯ ಕೆಲಸಕ್ಕೆ ನಾನು ಕೈ ಹಾಕುವುದು ಎರಡಕ್ಕೆ, ಎರಡೂ ಮುಂಬೈನ ಏಕ್ ಟೈಪ್ ತಂಡದವು.

ಒಂದು, ಬಾಲೂ ತಮ್ಮ 2. ಮೂಲೆಗಳು ಮೆತ್ತಗಿವೆ, ಮೈ ದುಂಡಗಿದೆ, ಹುಟ್ಟಿದ್ದೇ ದೊಡ್ಡ ಅಕ್ಷರದ ಕೆಲಸಕ್ಕೆ. ರೆಗ್ಯುಲರ್‌ನಿಂದ ಎಕ್ಸ್‌ಟ್ರಾ ಬೋಲ್ಡ್‌ವರೆಗೆ ಐದು ತೂಕಗಳಿವೆ, ಅಂಕಿಯಲ್ಲಿ 400ರಿಂದ 800. ಬೇಕರಿ, ಐಸ್‌ಕ್ರೀಮ್, ಮಕ್ಕಳ ಶಾಲೆ, ಹಬ್ಬದ ಬ್ಯಾನರ್ ಎಂದರೆ ಇದನ್ನೇ ತೆಗೆಯಿರಿ. ಇದರಲ್ಲಿ ಅಗಲವನ್ನು ಬದಲಿಸುವ ಅವಕಾಶ ಇಲ್ಲ.

ಇನ್ನೊಂದು, ಅನೇಕ್ ಕನ್ನಡ. ಇದು ವೇರಿಯಬಲ್ ಫಾಂಟ್: ತೂಕಕ್ಕೊಂದು ಸ್ಲೈಡರ್, ಅಗಲಕ್ಕೊಂದು ಸ್ಲೈಡರ್. ತೂಕ 100ರಿಂದ 800, ಅಗಲ 75ರಿಂದ 125. ಅಗಲ 125ಕ್ಕೆ, ತೂಕ 700 ಅಥವಾ 800ಕ್ಕೆ ಇಟ್ಟರೆ ನಿಜವಾದ ಅಗಲದ ದಪ್ಪಕ್ಷರ ಸಿಗುತ್ತದೆ. ಅಗಲ ಹೆಚ್ಚಿಸಿದಾಗ ಗೆರೆ ಎಷ್ಟು ಬೆಳೆಯಬೇಕು, ಒಳಜಾಗ ಎಷ್ಟು ಬೆಳೆಯಬೇಕು ಎಂದು ವಿನ್ಯಾಸ ಮಾಡಿದವರು ಕೂತು ಯೋಚಿಸಿರುತ್ತಾರೆ, ನಮಗೆ ಅದರ ಫಲ ಸಿಗುತ್ತದೆ. ಇದರ ತುದಿಗಳು ಮಾತ್ರ ದುಂಡಗಿಲ್ಲ, ಕತ್ತರಿಸಿದಂತಿವೆ. ಅದನ್ನು ದುಂಡು ಮಾಡುವ ಬಗೆ ಮುಂದೆ ಹೇಳುತ್ತೇನೆ.

ನೋಟೋ ಸಾನ್ಸ್ ಕನ್ನಡದಲ್ಲೂ ತೂಕ ಮತ್ತು ಅಗಲದ ಸ್ಲೈಡರುಗಳಿವೆ. ಆದರೆ ಅದರ ಅಗಲ 100ಕ್ಕೇ ನಿಲ್ಲುತ್ತದೆ, ಕಿರಿದಾಗುವ ದಿಕ್ಕಿಗೆ ಮಾತ್ರ ಹೋಗುತ್ತದೆ. ಇಕ್ಕಟ್ಟಾದ ಸಾಲುಗಳಿಗೆ ಅದು ಒಳ್ಳೆಯ ಜೊತೆ.

ಮೂರಕ್ಕೂ ಲೈಸೆನ್ಸ್ ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್. ವ್ಯಾಪಾರದ ಬೋರ್ಡಿಗೆ ಧಾರಾಳವಾಗಿ ಬಳಸಬಹುದು, ಫಾಂಟನ್ನೇ ಬಿಡಿಯಾಗಿ ಮಾರುವಂತಿಲ್ಲ. ಗೂಗಲ್ ಫಾಂಟ್ಸ್‌ನಲ್ಲಿ ಇಳಿಸಿಕೊಳ್ಳಬಹುದು.

ಟೈಪ್ ಮಾಡುವ ಮುನ್ನ

ನಮ್ಮ ಕಡೆಯ ಎಷ್ಟೋ ಅಂಗಡಿಗಳಲ್ಲಿ ಇಂದಿಗೂ ಹಳೆಯ ನುಡಿ ಅಥವಾ ಬರಹದ ಆಸ್ಕಿ ಫಾಂಟುಗಳೇ (ಇಂಗ್ಲಿಷ್ ಅಕ್ಷರಗಳ ಸಂಕೇತದಲ್ಲೇ ಕನ್ನಡ ತೋರಿಸುವಂಥವು) ಓಡುತ್ತಿವೆ. ಅವುಗಳಲ್ಲಿ ಅಚ್ಚುಕಟ್ಟಾಗಿ ಕೆಲಸ ಮಾಡಿದವರ ಮೇಲೆ ನನಗೆ ಗೌರವ ಇದೆ. ಆದರೆ ಮೇಲೆ ಹೇಳಿದ ಫಾಂಟುಗಳಿಗೆ ಯೂನಿಕೋಡ್ ಪಠ್ಯವೇ ಬೇಕು. ಗಿರಾಕಿ ವಾಟ್ಸಾಪ್‌ನಲ್ಲಿ ಕಳಿಸಿದ ಹೆಸರು ಯೂನಿಕೋಡ್‌ನಲ್ಲೇ ಇರುತ್ತದೆ, ಅದನ್ನು ನೇರವಾಗಿ ಅಂಟಿಸಿದರಾಯಿತು. ಮತ್ತೆ ಟೈಪ್ ಮಾಡಿ ಕಾಗುಣಿತ ಕೆಡಿಸುವ ಪ್ರಮೇಯವೂ ಇಲ್ಲ.

ಅಂಟಿಸಿದ ಮೇಲೆ ಒತ್ತುಗಳು ಬಿಡಿಬಿಡಿಯಾಗಿ, ಹಲಂತದ ಜೊತೆ ಕಂಡರೆ ದೋಷ ಫಾಂಟಿನದಲ್ಲ. ಸಾಫ್ಟ್‌ವೇರ್ ಕನ್ನಡವನ್ನು ಜೋಡಿಸುತ್ತಿಲ್ಲ ಎಂದರ್ಥ. ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಪ್ಯಾನೆಲ್‌ಗೆ ಹೋಗಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿ. ಇಲಸ್ಟ್ರೇಟರ್‌ನಲ್ಲಿ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ಇಂಡಿಕ್ ಆಯ್ಕೆಗಳನ್ನು ಆನ್ ಮಾಡಿ. ಹಳೆಯ ಕೋರಲ್‌ಡ್ರಾ ಆಗಿದ್ದರೆ ಅದರ ಜೊತೆ ಗುದ್ದಾಡುವ ಬದಲು ಇಂಕ್‌ಸ್ಕೇಪ್‌ನಲ್ಲಿ ಪದವನ್ನು ಜೋಡಿಸಿ, ಪಾತ್ ಮಾಡಿ (ಅಂದರೆ ಪಠ್ಯವನ್ನು ಬರೀ ಗೆರೆಗಳ ಆಕಾರವಾಗಿ ಬದಲಿಸಿ), ಕೋರಲ್‌ಗೆ ತನ್ನಿ. ಇಂಕ್‌ಸ್ಕೇಪ್ ಉಚಿತ, ಕನ್ನಡವನ್ನು ಸರಿಯಾಗಿ ಜೋಡಿಸುತ್ತದೆ, 1.0 ಆವೃತ್ತಿಯಿಂದ ವೇರಿಯಬಲ್ ಫಾಂಟಿನ ಸ್ಲೈಡರುಗಳನ್ನೂ ತೋರಿಸುತ್ತದೆ. ಕೋರಲ್‌ಡ್ರಾದಲ್ಲಿ ವೇರಿಯಬಲ್ ಫಾಂಟ್ ಬಂದದ್ದು 2020ರ ಆವೃತ್ತಿಯಲ್ಲಿ.

ಎಳೆದು ಅಗಲ ಮಾಡಬೇಡಿ

ನಮ್ಮ ಕೆಲಸದಲ್ಲಿ ಅತಿ ಹೆಚ್ಚು ಕಾಣುವ ಚಾಳಿ ಇದು: ಮಾಮೂಲಿ ಫಾಂಟಿನಲ್ಲಿ ಟೈಪ್ ಮಾಡಿ, ಪಕ್ಕದ ಹಿಡಿ ಹಿಡಿದು ಬೋರ್ಡಿನ ಅಗಲಕ್ಕೆ ಎಳೆಯುವುದು. ಹಾಗೆ ಎಳೆದಾಗ ನಿಂತ ಗೆರೆಗಳು ದಪ್ಪವಾಗುತ್ತವೆ, ಮಲಗಿದ ಗೆರೆಗಳು ಇದ್ದಷ್ಟೇ ಉಳಿಯುತ್ತವೆ. ಶೇ 130ಕ್ಕೆ ಎಳೆದರೆ ಎರಡರ ನಡುವೆ ಮೂರರಲ್ಲೊಂದು ಪಾಲಿನಷ್ಟು ವ್ಯತ್ಯಾಸ ಬಂದುಬಿಡುತ್ತದೆ. ದುಂಡಗಿದ್ದ ತುದಿ ಚಪ್ಪಟೆಯಾಗುತ್ತದೆ, ಅನುಸ್ವಾರದ ಸೊನ್ನೆ ಮೊಟ್ಟೆಯಾಗುತ್ತದೆ. ತಿರುವುಗಳಲ್ಲಿ ಗೆರೆ ಒಮ್ಮೆ ಉಬ್ಬಿ ಒಮ್ಮೆ ಬತ್ತುತ್ತದೆ. ಕನ್ನಡದ ಅಕ್ಷರ ಪೂರಾ ತಿರುವುಗಳಿಂದಲೇ ಕಟ್ಟಿದ್ದು, ಆದ್ದರಿಂದ ಈ ಏರುಪೇರು ಅಡಗಿಕೊಳ್ಳಲು ಅಲ್ಲಿ ಜಾಗವೇ ಇಲ್ಲ.

ಎರಡನೆಯ ಚಾಳಿ, ದಪ್ಪ ಸಾಲದಾಗ ಅಕ್ಷರಕ್ಕೆ ಅದೇ ಬಣ್ಣದ ಔಟ್‌ಲೈನ್ ಕೊಡುವುದು. ಔಟ್‌ಲೈನ್ ಹೊರಕ್ಕೆ ಅರ್ಧ ಬೆಳೆದರೆ ಒಳಕ್ಕೂ ಅರ್ಧ ಬೆಳೆಯುತ್ತದೆ. ಹೊರಗೆ ಅಕ್ಷರ ದೊಡ್ಡದಾದ ಸಂತೋಷದಲ್ಲಿ ಒಳಗೆ ಮುಚ್ಚಿಹೋದದ್ದು ಕಣ್ಣಿಗೆ ಬೀಳುವುದಿಲ್ಲ. ಬೇರೆ ಬಣ್ಣದ ಔಟ್‌ಲೈನ್ ಬೇಕೇ ಬೇಕೆಂದು ಗಿರಾಕಿ ಹೇಳಿದರೆ ಅದನ್ನು ಅಕ್ಷರದ ಹಿಂದಕ್ಕೆ ಕಳಿಸಿ, ಕೋರಲ್‌ನಲ್ಲಿ 'ಬಿಹೈಂಡ್ ಫಿಲ್' ಎಂಬ ಗುರುತು ಹಾಕಿದರಾಯಿತು. ಆಗ ಗೆರೆಯ ಮೈ ಕರಗುವುದಿಲ್ಲ. ಒಳಜಾಗದೊಳಗೆ ಆ ಬಣ್ಣ ಎಷ್ಟು ನುಗ್ಗಿದೆ ಎಂದು ಮಾತ್ರ ನೋಡಿಕೊಳ್ಳಿ.

ಅಗಲ ಬೇಕಾದರೆ ಅಗಲಕ್ಕೆಂದೇ ಬರೆದ ಅಕ್ಷರ, ದಪ್ಪ ಬೇಕಾದರೆ ದಪ್ಪಕ್ಕೆಂದೇ ಬರೆದ ತೂಕ. ಇದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ.

ಸೀಳು, ಬೊಟ್ಟು, ಬಾಯಿ

ತೂಕ ಆರಿಸುವಾಗ ಪದವನ್ನು ಒಟ್ಟಾರೆ ನೋಡಿದರೆ ಸಾಲದು. ಅದರೊಳಗಿನ ಅತಿ ಕಷ್ಟದ ಅಕ್ಷರವನ್ನು ಹುಡುಕಿ, ಅದು ಉಸಿರಾಡುವಷ್ಟು ತೂಕಕ್ಕೆ ಇಡೀ ಬೋರ್ಡನ್ನು ನಿಲ್ಲಿಸಿ.

ಮಹಾಪ್ರಾಣದ ಸೀಳು ಮೊದಲು. ದ ಮತ್ತು ಧ, ಬ ಮತ್ತು ಭ, ಡ ಮತ್ತು ಢ, ಪ ಮತ್ತು ಫ, ಈ ಜೋಡಿಗಳನ್ನು ಬೇರೆ ಮಾಡುವುದು ಬುಡದಲ್ಲಿರುವ ಒಂದು ಸಣ್ಣ ಸೀಳು. ದಪ್ಪ ಹೆಚ್ಚಾದಾಗ ಮೊದಲು ಮುಚ್ಚುವುದೇ ಅದು. ಆಗ "ಧಾರವಾಡ" ಎಂದು ಬರೆದದ್ದು "ದಾರವಾಡ" ಆಗುತ್ತದೆ, "ಭದ್ರಾವತಿ" ಹೋಗಿ "ಬದ್ರಾವತಿ" ಆಗುತ್ತದೆ. ಊರಿನ ಹೆಸರನ್ನೇ ತಪ್ಪಾಗಿ ಬರೆದಿದ್ದಾರೆ ಎಂದು ಓದುವವರು ಬೇಸರ ಪಡುತ್ತಾರೆ, ಕಾಗುಣಿತ ಸರಿ ಇದ್ದರೂ.

ಬೊಟ್ಟು ಎರಡನೆಯದು. ರ ಮತ್ತು ಠ, ಧ ಮತ್ತು ಥ ನಡುವಿನ ವ್ಯತ್ಯಾಸ ಒಳಗಿನ ಒಂದು ಬೊಟ್ಟು. ಗೆರೆ ದಪ್ಪವಾಗಿ ಒಳಜಾಗ ಕುಗ್ಗಿದಾಗ ಬೊಟ್ಟು ಗೋಡೆಗೆ ತಾಗುತ್ತದೆ. "ರಥಬೀದಿ", "ಮಠ" ಇಂಥ ಮಾತುಗಳಿದ್ದರೆ ಒಂದು ಹಂತ ತೂಕ ಇಳಿಸಿ. ಥದಲ್ಲಿ ಬೊಟ್ಟೂ ಇದೆ, ಸೀಳೂ ಇದೆ, ಆದ್ದರಿಂದ ನನ್ನ ಪರೀಕ್ಷೆಯ ಹಾಳೆಯಲ್ಲಿ ಥ ಯಾವಾಗಲೂ ಇರುತ್ತದೆ.

ಮೂರನೆಯದು ಪ ಮತ್ತು ಸ ಅಕ್ಷರಗಳ ಬಾಯಿ. ಪ ಅಕ್ಷರದ ತಲೆಯ ಹತ್ತಿರ ಗೆರೆ ತೆರೆದಿರುತ್ತದೆ, ವ ಅಕ್ಷರದಲ್ಲಿ ಅದು ಕೂಡಿಕೊಂಡಿರುತ್ತದೆ. ದಪ್ಪ ತೂಕದಲ್ಲಿ ಆ ತೆರೆದ ಬಾಯಿ ಕೂಡಿಕೊಂಡರೆ "ಪಾನಕ" ಎಂಬುದನ್ನು ದೂರದಿಂದ "ವಾನಕ" ಎಂದು ಓದುವಂತಾಗುತ್ತದೆ. ಪ ಅಕ್ಷರದ ಹೊಟ್ಟೆಯಲ್ಲಿ ಅಡ್ಡಗೆರೆ ಬಂದರೆ ಷ, ಅಲ್ಲಿ ಒಳಜಾಗ ಎರಡು ಹೋಳಾಗುತ್ತದೆ, ಅದನ್ನೂ ನೋಡಿ.

ಒತ್ತಿನ ಮೇಲೆ ಒತ್ತು ಬರುವ ಮಾತುಗಳು ಇನ್ನೊಂದು ಬಗೆಯ ಕಷ್ಟ. "ಲಕ್ಷ್ಮಿ", "ಸ್ವಾತಂತ್ರ್ಯ", "ರಾಷ್ಟ್ರ". ಒತ್ತಕ್ಷರ ಮೂಲ ಅಕ್ಷರಕ್ಕಿಂತ ಚಿಕ್ಕದು, ಆದರೆ ಗೆರೆ ಹೆಚ್ಚುಕಡಿಮೆ ಅಷ್ಟೇ ದಪ್ಪ ಕಾಣಬೇಕು, ಹಾಗಾಗಿ ಅದರ ಒಳಜಾಗ ಮೊದಲೇ ಇಕ್ಕಟ್ಟು. ಹೆಸರಿನಲ್ಲಿ ಲಕ್ಷ್ಮಿ ಇದ್ದರೆ 800 ಬೇಡ, 700 ಸಾಕು ಎಂದು ಗಿರಾಕಿಗೆ ನಾನೇ ಹೇಳುತ್ತೇನೆ. "ಇನ್ನೂ ದಪ್ಪ ಮಾಡ್ರಿ" ಎಂದು ಪಟ್ಟು ಹಿಡಿದವರಿಗೆ ಎರಡೂ ತೂಕದ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ, ದೂರ ನಿಲ್ಲಿಸಿ ಓದಿಸುತ್ತೇನೆ. "ಅಣ್ಣಾ, ಯಾವುದು ಬೇಗ ಓದಕ್ಕೆ ಬರುತ್ತೋ ಅದನ್ನೇ ಮಾಡೋಣ" ಎಂದರೆ ಅವರೂ ಒಪ್ಪುತ್ತಾರೆ.

ಆ ಪ್ರಿಂಟಿಗೂ ಒಂದು ಲೆಕ್ಕ ಇದೆ. 10 ಅಡಿ ಅಗಲ 3 ಅಡಿ ಎತ್ತರದ ಬೋರ್ಡನ್ನು 20ರಲ್ಲಿ ಒಂದು ಪಾಲಿಗೆ ಇಳಿಸಿದರೆ 6 ಇಂಚು ಅಗಲ, 1.8 ಇಂಚು ಎತ್ತರ, ಎ4 ಹಾಳೆಯಲ್ಲಿ ಸಲೀಸಾಗಿ ಕೂರುತ್ತದೆ. ಅದನ್ನು 7 ಅಡಿ ದೂರದಿಂದ ನೋಡುವುದೂ, ನಿಜವಾದ ಬೋರ್ಡನ್ನು 140 ಅಡಿ ದೂರದಿಂದ ನೋಡುವುದೂ ಒಂದೇ. ಸ್ಕ್ರೀನಿನ ಮೇಲೆ ಜೂಮ್ ಮಾಡಿ ನೋಡಿ ತೀರ್ಮಾನ ಮಾಡುವವರು ಈ ಒಂದು ಪ್ರಿಂಟನ್ನು ತಪ್ಪದೆ ತೆಗೆಯಬೇಕು.

ಅಳತೆ ಮತ್ತು ಒತ್ತಿನ ಜಾಗ

ಬೋರ್ಡಿನವರಲ್ಲಿ ಓಡಾಡುವ ಒಂದು ಲೆಕ್ಕ: 10 ಅಡಿ ದೂರಕ್ಕೆ 1 ಇಂಚು ಎತ್ತರ. 140 ಅಡಿಯಿಂದ ಚೆನ್ನಾಗಿ ಓದಬೇಕಾದರೆ 14 ಇಂಚು. ಕನ್ನಡದಲ್ಲಿ ಈ ಎತ್ತರವನ್ನು ಅಕ್ಷರದ ಮೈಗೆ ಅಳೆಯಿರಿ, ಅಂದರೆ ತಲೆಕಟ್ಟಿನಿಂದ ಬುಡದವರೆಗೆ. ಒತ್ತನ್ನು ಸೇರಿಸಿ ಅಳೆದರೆ ಲೆಕ್ಕ ತಪ್ಪುತ್ತದೆ.

ಈಗ ನಮ್ಮ 3 ಅಡಿ ಬೋರ್ಡು. ಎತ್ತರ 36 ಇಂಚು. ಮೇಲೆ 4, ಕೆಳಗೆ 4 ಬಿಟ್ಟರೆ ಉಳಿಯುವುದು 28. ಮೇಲಿನ ಸಾಲಿಗೆ "ದಾವಣಗೆರೆ", 4 ಇಂಚು. ಆ ಪದದಲ್ಲಿ ಒಂದೂ ಒತ್ತಿಲ್ಲ, ಆದ್ದರಿಂದ ಕೆಳಗೆ 2 ಇಂಚು ಬಿಟ್ಟರೆ ಸಾಕು. ಆಮೇಲೆ "ಬೆಣ್ಣೆ ದೋಸೆ". ಒತ್ತಿಗೆ ಮೈಯ ಎತ್ತರದ ಸುಮಾರು ಅರ್ಧ ಬೇಕಾಗುತ್ತದೆ. ಅದರ ಕೆಳಗೆ 2 ಇಂಚು ಬಿಟ್ಟು 4 ಇಂಚಿನ ಇಂಗ್ಲಿಷ್ ಸಾಲು ಹಾಕಿದರೆ ಕನ್ನಡಕ್ಕೆ 16 ಇಂಚು ಉಳಿಯುತ್ತದೆ: ಮೈ 11, ಒತ್ತು 5. ನಮಗೆ ಬೇಕಾದ 14 ಬರಲಿಲ್ಲ.

ಇಲ್ಲಿ ಪದವನ್ನು ಮತ್ತೆ ನೋಡಿ. ಒತ್ತು ಇರುವುದು ಣ್ಣೆ ಕೆಳಗೆ ಮಾತ್ರ. ಅದರ ಬಲಕ್ಕೆ, ದೋಸೆಯ ಅಡಿಯಲ್ಲಿ, ಉದ್ದಕ್ಕೂ ಖಾಲಿ ಪಟ್ಟಿ ಇದೆ. ಇಂಗ್ಲಿಷ್ ಸಾಲನ್ನು ಕೆಳಗೆ ಬೇರೆಯಾಗಿ ಇಡದೆ ಆ ಪಟ್ಟಿಯಲ್ಲೇ, ಒತ್ತಿನ ಪಕ್ಕದಲ್ಲೇ ಕೂರಿಸಿ. ಆಗ ಮೈಗೆ 14, ಒತ್ತಿನ ಪಟ್ಟಿಗೆ 7, ಮೇಲಿನ ಸಾಲಿಗೆ 6, ಒಟ್ಟು 27. ಹಿಡಿಸಿತು. ಒತ್ತನ್ನು ಅಡಚಣೆ ಎಂದುಕೊಳ್ಳುವ ಬದಲು ಅದು ಬಿಟ್ಟುಕೊಟ್ಟ ಜಾಗವನ್ನು ಬಳಸಿದರೆ ಕನ್ನಡ ಬೋರ್ಡಿಗೆ ತನ್ನದೇ ಆದ ಮೈಕಟ್ಟು ಬರುತ್ತದೆ. ಅಗಲದಲ್ಲಿ 125 ಹಿಡಿಸದೆ ಹೋದರೆ 115ಕ್ಕೆ ಇಳಿಸಿ ನೋಡಿ, ಅನೇಕ್‌ನಂಥ ಫಾಂಟಿನ ಉಪಕಾರ ಅದು. ಎರಡೂ ಬದಿಗೆ ಅರ್ಧ ಅಡಿಗಿಂತ ಕಡಿಮೆ ಬಿಡಬೇಡಿ.

ಎರಡು ಸಾಲಿನ ತಲೆಬರಹಕ್ಕೆ ಸಾಲಿನ ಅಂತರ ಅಕ್ಷರದ ಅಳತೆಯ 1.4 ಪಟ್ಟಿನಿಂದ ಶುರು ಮಾಡಿ. ಇಂಗ್ಲಿಷ್ ಪೋಸ್ಟರಿನಲ್ಲಿ 1ಕ್ಕೆ ಇಟ್ಟರೂ ನಡೆಯುತ್ತದೆ, ನಮ್ಮಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ದೀರ್ಘಕ್ಕೆ ತಾಗುತ್ತದೆ. ಮೊಬೈಲ್ ಮತ್ತು ವೆಬ್ ತಲೆಬರಹಕ್ಕೂ ಇದೇ ಮಾತು. ಎಷ್ಟೋ ಆ್ಯಪ್‌ಗಳಲ್ಲಿ ಕನ್ನಡದ ಒತ್ತು ಬುಡದಲ್ಲಿ ಕತ್ತರಿಸಿ ಹೋಗಿರುವುದು ಈ ಅಂತರ ಸಾಲದೆ.

ಅಕ್ಷರದ ನಡುವಿನ ಅಂತರವನ್ನು ಹೆಚ್ಚಿಸುವ ಆಸೆ ಅಗಲದ ಅಕ್ಷರದಲ್ಲಿ ಸಹಜ. ಕನ್ನಡದಲ್ಲಿ ಟ್ರ್ಯಾಕಿಂಗ್ ಹಾಕಿದರೆ ದೀರ್ಘದ ಗುರುತು, ಅರ್ಕಾವತ್ತು ತಮ್ಮ ಅಕ್ಷರವನ್ನು ಬಿಟ್ಟು ದೂರ ಸರಿಯಬಹುದು. "ದೋ" ನೋಡಿ: ದೀರ್ಘ ಪಕ್ಕದ ಸೆ ಕಡೆಗೆ ವಾಲಿದರೆ ಓದು ಮುಗ್ಗರಿಸುತ್ತದೆ. ಅಂತರ ಬೇಕೇ ಬೇಕಾದರೆ ಪಾತ್ ಮಾಡಿದ ಮೇಲೆ, ಒಂದೊಂದು ಪೂರ್ಣ ಅಕ್ಷರವನ್ನು ಗುಂಪು ಮಾಡಿ ಕೈಯಿಂದ ಸರಿಸಿ.

ಇಂಗ್ಲಿಷ್ ಜೊತೆಗಿದ್ದಾಗ

2024ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ತಿದ್ದುಪಡಿ ಕಾಯ್ದೆಯ ಪ್ರಕಾರ ಅಂಗಡಿಯ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಈ ಕಾಯ್ದೆ ನಮ್ಮಂಥವರ ಕೈಗೆ ಒಳ್ಳೆಯ ಅವಕಾಶ ಕೊಟ್ಟಿದೆ. ಶೇ 60 ತುಂಬಿಸಲು ಕನ್ನಡವನ್ನು ಸುಮ್ಮನೆ ಎಳೆದು ಹಿಗ್ಗಿಸಿದ ಬೋರ್ಡುಗಳು ರಸ್ತೆ ತುಂಬಾ ಕಾಣುತ್ತವೆ. ಬೋರ್ಡಿನ ಮುಖ್ಯ ಅಕ್ಷರ ಕನ್ನಡದ್ದು ಎಂದೇ ಮೊದಲಿನಿಂದ ವಿನ್ಯಾಸ ಮಾಡಿದರೆ ಅದು ತಾನಾಗಿ ತುಂಬುತ್ತದೆ.

ಬಾಲೂ, ಅನೇಕ್ ಎರಡರಲ್ಲೂ ಇಂಗ್ಲಿಷ್ ಅಕ್ಷರಗಳು ಜೊತೆಗೇ ಬರುತ್ತವೆ, ಬೇರೆ ಫಾಂಟ್ ಹುಡುಕಬೇಡಿ. ಇಂಗ್ಲಿಷ್ ಸಾಲು ಚಿಕ್ಕದಾದಾಗ ಅದರ ಗೆರೆಯೂ ತೆಳ್ಳಗಾಗಿ ಬಡಕಲಾಗಿ ಕಾಣುತ್ತದೆ. ಕನ್ನಡ 700ರಲ್ಲಿದ್ದರೆ ಇಂಗ್ಲಿಷನ್ನು 800ಕ್ಕೆ ಏರಿಸಿ. ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ಒಳಜಾಗ ಧಾರಾಳ, ಅಷ್ಟು ತೂಕವನ್ನು ಅವು ತಾಳಿಕೊಳ್ಳುತ್ತವೆ.

ತುದಿ ದುಂಡು ಮಾಡುವುದು

ದುಂಡು ತುದಿಯ ಅಕ್ಷರಕ್ಕೆ ಕೆಲಸದ ಕಡೆಯಿಂದಲೂ ಕಾರಣಗಳಿವೆ. ನಿಯಾನ್ ಕೊಳವೆ ಬಗ್ಗುವಾಗ ಮೂಲೆ ಬರುವುದಿಲ್ಲ. ಶೀಟ್ ಕೊರೆಯುವ ಯಂತ್ರವಾದ ರೌಟರಿನ ಬಿಟ್ ತಿರುಗಿ ಕೊರೆಯುವುದರಿಂದ ಒಳಮೂಲೆ ಯಾವಾಗಲೂ ದುಂಡು: 3 ಮಿಲಿಮೀಟರ್ ಬಿಟ್ ಹಾಕಿದರೆ ಒಳಮೂಲೆಗೆ 1.5 ಮಿಲಿಮೀಟರ್ ತ್ರಿಜ್ಯ, 6 ಹಾಕಿದರೆ 3. ಹೊರಮೂಲೆ ಚೂಪು, ಒಳಮೂಲೆ ದುಂಡು ಎಂದು ಎರಡು ಬಗೆ ಆಗುವುದಕ್ಕಿಂತ ಎರಡೂ ದುಂಡಗಿದ್ದರೆ ಲೆಟರ್ ಅಚ್ಚುಕಟ್ಟು. ಚೂಪು ಮೂಲೆಯ ಅಕ್ರಿಲಿಕ್ ಏಣಿ ಏರುವಾಗ ತಾಗಿ ಚಕ್ಕೆ ಏಳುವುದೂ ಉಂಟು. ಯುರೋಪಿನಲ್ಲಿ ಈ ಬಗೆಯ ಅಕ್ಷರವನ್ನು ದೊಡ್ಡ ಪ್ರಮಾಣದಲ್ಲಿ ಬೀದಿಗೆ ತಂದದ್ದು 1979ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿಗಾಗಿ ಮಾಡಿದ ವ್ಯಾಗ್ ರೌಂಡೆಡ್. ಇಂದಿಗೂ ಅದು ಹಳತೆನಿಸುವುದಿಲ್ಲ.

ಅನೇಕ್ ಕನ್ನಡದ ಅಗಲದ ಅಕ್ಷರವನ್ನು ದುಂಡು ಮಾಡಲು ಹೀಗೆ ಮಾಡಿ. ಪದವನ್ನು ಪಾತ್ ಮಾಡಿ, ಎಲ್ಲ ತುಂಡುಗಳನ್ನು ಒಂದಾಗಿ ಕೂಡಿಸಿ. ಮೊದಲು ಅಕ್ಷರವನ್ನು ಒಳಕ್ಕೆ ಕುಗ್ಗಿಸಿ. ಆಮೇಲೆ ಅಷ್ಟೇ ಅಳತೆ ಹೊರಕ್ಕೆ ಹಿಗ್ಗಿಸಿ, ಹಿಗ್ಗಿಸುವಾಗ ಮೂಲೆಯ ಆಯ್ಕೆ ರೌಂಡ್ ಇರಲಿ. ಇಲಸ್ಟ್ರೇಟರ್‌ನಲ್ಲಿ ಇದಕ್ಕೆ ಆಫ್‌ಸೆಟ್ ಪಾತ್, ಕೋರಲ್‌ನಲ್ಲಿ ಕಾಂಟೂರ್, ಇಂಕ್‌ಸ್ಕೇಪ್‌ನಲ್ಲಿ ಇನ್‌ಸೆಟ್ ಮತ್ತು ಔಟ್‌ಸೆಟ್. ಅಳತೆ ಗೆರೆಯ ದಪ್ಪದ ಕಾಲು ಭಾಗ ಇದ್ದರೆ ಮೂಲೆ ಮೆತ್ತಗಾಗುತ್ತದೆ. ಅರ್ಧದ ಹತ್ತಿರ ಹೋದಂತೆ ತುದಿ ಪೂರ್ತಿ ದುಂಡಾಗುತ್ತದೆ, ಆದರೆ ಅರ್ಧ ದಾಟಿದರೆ ಗೆರೆಯೇ ಮಾಯವಾಗುತ್ತದೆ. ತೆಳು ಗೆರೆ ಎಲ್ಲಿದೆಯೋ ಅದನ್ನು ಅಳೆದೇ ಶುರು ಮಾಡಿ, ಸಾಮಾನ್ಯವಾಗಿ ಅದು ಒತ್ತಿನಲ್ಲಿರುತ್ತದೆ.

ಕ್ರಮ ಅದಲುಬದಲಾಗಬಾರದು. ಮೊದಲು ಹಿಗ್ಗಿಸಿ ಆಮೇಲೆ ಕುಗ್ಗಿಸಿದರೆ ಒಳಮೂಲೆಗಳು ಮಾತ್ರ ದುಂಡಾಗುತ್ತವೆ, ಹೊರತುದಿ ಚೂಪಾಗಿಯೇ ಉಳಿಯುತ್ತದೆ, ಜೊತೆಗೆ ಕಿರಿದಾದ ಸೀಳುಗಳೆಲ್ಲ ಬೆಸೆದುಕೊಂಡು ಮತ್ತೆ ತೆರೆಯುವುದೇ ಇಲ್ಲ. ಧ ದ ಆಗುವುದು ಹೀಗೂ ಉಂಟು.

ಸ್ವಂತ ಕೈಯಲ್ಲಿ ಬರೆಯುವುದಾದರೆ

ಒಂದು ಅಂಗಡಿಗೆ ಅದರದೇ ಅಕ್ಷರ ಬೇಕೆಂದರೆ ಬರೆಯುವುದೇ ಚಂದ, ಅದು ಬರೆಯುವವನಿಗೂ ಖುಷಿ. ದುಂಡು ತುದಿಯ ಅಕ್ಷರ ಕಲಿಯುವವರಿಗೆ ಸುಲಭದ ದಾರಿಯೂ ಹೌದು, ಏಕೆಂದರೆ ಎಲುಬು ಬರೆದು ಅದಕ್ಕೆ ಮೈ ತುಂಬಿಸಬಹುದು.

ನಾಲ್ಕು ಅಡ್ಡಗೆರೆ ಹಾಕಿ: ತಲೆಕಟ್ಟಿನ ಮೇಲಂಚು, ಬುಡ, ಒತ್ತಿನ ತಲೆ, ಒತ್ತಿನ ಬುಡ. ಗೋಡೆಯ ಮೇಲಾದರೆ ಚಾಕ್‌ಪುಡಿ ಸವರಿದ ದಾರವನ್ನು ಇಬ್ಬರು ಹಿಡಿದು ಮೀಟಿದರೆ ಗೆರೆ ಬೀಳುತ್ತದೆ. ಆ ಗೆರೆಗಳ ನಡುವೆ ಪೆನ್ಸಿಲಿನಲ್ಲಿ ಅಕ್ಷರದ ಎಲುಬು ಬರೆಯಿರಿ, ಒಂದೇ ತೆಳು ಗೆರೆ.

ಗೆರೆಯ ದಪ್ಪ ಎಷ್ಟು? ಇ, ಜ ಥರದ ಅಕ್ಷರದಲ್ಲಿ ಮೇಲಿನಿಂದ ಕೆಳಕ್ಕೆ ಮೂರು ಪದರ ಗೆರೆ ಬರುತ್ತದೆ, ನಡುವೆ ಎರಡು ಬಿಳಿ. ಗೆರೆ, ಬಿಳಿ, ಗೆರೆ, ಬಿಳಿ, ಗೆರೆ: ಐದು ಪಾಲು. ಅಂದರೆ ಮೈ ಎತ್ತರದ ಐದನೆಯ ಒಂದು ಪಾಲು ದಪ್ಪ ಇಟ್ಟಾಗಲೇ ಕಪ್ಪು ಬಿಳಿ ಸಮ ಆಯಿತು. ಅದನ್ನು ಮೀರಿದರೆ ಬಿಳಿ ಸೋಲುತ್ತದೆ. ಅಕ್ಷರವನ್ನು ಅಗಲ ಮಾಡಿದರೆ ಸಿಗುವ ಜಾಗ ಪಕ್ಕಕ್ಕೆ ಮಾತ್ರ, ಈ ಪದರಗಳ ನಡುವೆ ಒಂದಿಷ್ಟೂ ಹೆಚ್ಚುವುದಿಲ್ಲ. ಆದ್ದರಿಂದ ದಪ್ಪವನ್ನು ನಿಂತ ಗೆರೆಗಳಿಗೆ ಕೊಡಿ, ಮಲಗಿದ ಗೆರೆಗಳನ್ನು ಸ್ವಲ್ಪ ತೆಳು ಮಾಡಿ. ನಿಂತದ್ದು ಐದನೆಯ ಒಂದು ಪಾಲಾದರೆ ಮಲಗಿದ್ದು ಆರನೆಯ ಒಂದು ಪಾಲಿನ ಹತ್ತಿರ ಇರಲಿ. ಹೇಗೂ ಒಂದೇ ದಪ್ಪದ ಎರಡು ಗೆರೆಗಳಲ್ಲಿ ಮಲಗಿದ್ದೇ ಕಣ್ಣಿಗೆ ದಪ್ಪ ಕಾಣುತ್ತದೆ, ಹಾಗಾಗಿ ಈ ವ್ಯತ್ಯಾಸ ಯಾರಿಗೂ ವ್ಯತ್ಯಾಸ ಎನಿಸುವುದಿಲ್ಲ.

ಕಂಪ್ಯೂಟರಿನಲ್ಲಾದರೆ ಎಲುಬಿನ ಫೋಟೋ ಹಿಂದಿಟ್ಟು ಪೆನ್ ಟೂಲಿನಲ್ಲಿ ಬರೆಯಿರಿ. ಸ್ಟ್ರೋಕ್‌ಗೆ ರೌಂಡ್ ಕ್ಯಾಪ್, ರೌಂಡ್ ಜಾಯಿನ್ ಕೊಡಿ. ರೂಪ ಸರಿ ಬಂದ ಮೇಲೆ ಸ್ಟ್ರೋಕನ್ನು ಪಾತ್ ಮಾಡಿ, ಯೂನಿಯನ್ ಮಾಡಿ. ನಿಜವಾದ ಕೆಲಸ ಶುರುವಾಗುವುದು ಆಮೇಲೆ: ಎರಡು ಗೆರೆ ಕೂಡುವ ಜಾಗದಲ್ಲಿ ಮಸಿ ಗಂಟುಕಟ್ಟಿದಂತೆ ಕಾಣುತ್ತದೆ. ತಲೆಕಟ್ಟು ಮೈಗೆ ಸೇರುವಲ್ಲಿ, ಸುರುಳಿ ಒಳಕ್ಕೆ ತಿರುಗುವಲ್ಲಿ, ಸೀಳಿನ ತುದಿಯಲ್ಲಿ ನೋಡ್‌ಗಳನ್ನು ಒಳಕ್ಕೆ ಎಳೆದು ಗೆರೆಯನ್ನು ಸ್ವಲ್ಪ ಸವರಿ. ದುಂಡು ಬುಡದ ಅಕ್ಷರಗಳು ಬುಡದ ಗೆರೆಯನ್ನು ಕೂದಲೆಳೆಯಷ್ಟು ದಾಟಲಿ, ಇಲ್ಲವಾದರೆ ಅವು ಗಿಡ್ಡ ಕಾಣುತ್ತವೆ.

ಬ್ರಶ್ಶಿನಲ್ಲಾದರೆ ಚಪ್ಪಟೆ ಬ್ರಶ್ ಗೆರೆಯನ್ನು ಎಳೆಯುತ್ತದೆ, ತುದಿಯನ್ನು ಚೌಕ ಬಿಡುತ್ತದೆ. ಎನಾಮಲ್ ಒಣಗುವ ಮುನ್ನ ಸಣ್ಣ ದುಂಡು ಬ್ರಶ್ಶಿನಿಂದ ತುದಿ ತಿರುಗಿಸಿ. ಒಳಜಾಗವನ್ನು ಕೊನೆಗೆ ಹಿನ್ನೆಲೆಯ ಬಣ್ಣದಿಂದ ತಿದ್ದುವ ಪದ್ಧತಿ ನಮ್ಮ ಗುರುಗಳದು, ಬೇರೆ ಯಾವ ತಿದ್ದುವಿಕೆಗಿಂತ ಅದು ಅಕ್ಷರವನ್ನು ಹೆಚ್ಚು ಗೆಲುವಾಗಿಸುತ್ತದೆ.

ಬಣ್ಣ, ಬೆಳಕು

ಕಪ್ಪು ಹಿನ್ನೆಲೆಯ ಮೇಲಿನ ಬಿಳಿ ಅಕ್ಷರ ಬಿಳಿಯ ಮೇಲಿನ ಕಪ್ಪಿಗಿಂತ ದಪ್ಪ ಕಾಣುತ್ತದೆ. ಅಕ್ಷರದ ಒಳಗಿನಿಂದ ಎಲ್‌ಇಡಿ ಹೊತ್ತಿಸಿದರೆ ಇನ್ನೂ ದಪ್ಪ: ಬೆಳಕು ಅಂಚನ್ನು ದಾಟಿ ಹರಡಿ ರಾತ್ರಿ ಹೊತ್ತು ಸೀಳು, ಬೊಟ್ಟುಗಳನ್ನು ನುಂಗುತ್ತದೆ. ಹಗಲಿಗೆ 800 ಚೆನ್ನಾಗಿದ್ದರೆ ಬೆಳಕಿನ ಬೋರ್ಡಿಗೆ 700 ತೆಗೆದುಕೊಳ್ಳಿ. ಹಳದಿಯ ಮೇಲೆ ಕೆಂಪು ನಮ್ಮವರಿಗೆ ಪ್ರೀತಿಯ ಜೋಡಿ, ಹಗಲಲ್ಲಿ ಚೆನ್ನಾಗಿ ಕಾಣುತ್ತದೆ. ಕೆಂಪು ಕಡುವಾಗಿರಲಿ.

ಕಟಿಂಗಿಗೆ ಕಳಿಸುವಾಗ

ಪಠ್ಯವಿರುವ ಮೂಲ ಫೈಲ್ ಒಂದನ್ನು ಬೇರೆ ಇಟ್ಟುಕೊಂಡು, ಕಳಿಸುವ ಫೈಲಿನಲ್ಲಿ ಎಲ್ಲವನ್ನೂ ಕರ್ವ್ ಮಾಡಿ, ಕೋರಲ್‌ನಲ್ಲಿ ಕಂಟ್ರೋಲ್ ಕ್ಯೂ. ಆಮೇಲೆ ಬರೀ ಗೆರೆಗಳನ್ನು ತೋರಿಸುವ ವೈರ್‌ಫ್ರೇಮ್ ನೋಟಕ್ಕೆ ಹೋಗಿ. ವೇರಿಯಬಲ್ ಫಾಂಟುಗಳಲ್ಲಿ ಅಕ್ಷರದ ತುಂಡುಗಳು ಒಂದರ ಮೇಲೊಂದು ಹಾಯ್ದಿರುತ್ತವೆ. ಪ್ರಿಂಟಿನಲ್ಲಿ ಅದು ಕಾಣದು, ಆದರೆ ವಿನೈಲ್ ಕತ್ತರಿಸುವ ಯಂತ್ರವಾದ ಪ್ಲಾಟರ್ ಆ ಒಳಗಿನ ಗೆರೆಗಳನ್ನೂ ಕತ್ತರಿಸಿಬಿಡುತ್ತದೆ. ವೆಲ್ಡ್ ಮಾಡಿ (ತುಂಡುಗಳನ್ನು ಒಂದಾಗಿ ಬೆಸೆದು), ಹೊರಗೆರೆ ಮತ್ತು ಒಳಜಾಗದ ಗೆರೆ ಎರಡೇ ಉಳಿದಿವೆಯೇ ನೋಡಿ. ಫ್ಲೆಕ್ಸಿಗೆ ಫೋಟೋ ಇದ್ದರೆ ಪೂರ್ತಿ ಅಳತೆಗೆ 72 ಡಿಪಿಐ ಸಾಕು, 10 ಅಡಿಗೆ 8640 ಪಿಕ್ಸೆಲ್. ಅಕ್ಷರಗಳು ಮಾತ್ರ ವೆಕ್ಟರ್ (ಎಷ್ಟು ಹಿಗ್ಗಿಸಿದರೂ ಅಂಚು ಕೆಡದ ಗೆರೆಯ ಆಕಾರ) ಆಗಿಯೇ ಹೋಗಲಿ.

ಎಲ್‌ಇಡಿ ಲೆಟರಿನಲ್ಲಿ ಕನ್ನಡಕ್ಕೆ ಬಿಡಿ ತುಂಡುಗಳು ಹೆಚ್ಚು. ಮೈಗೆ ತಾಗದ ಒತ್ತು ಬೇರೆ ಲೆಟರ್, ದೀರ್ಘ ಬೇರೆ, ಠದ ಬೊಟ್ಟು ಬೇರೆ. ಒಂದೊಂದಕ್ಕೂ ವೈರು, ಒಂದೊಂದಕ್ಕೂ ಸ್ಕ್ರೂ. ತುಂಡುಗಳನ್ನು ಫೈಲಿನಲ್ಲೇ ಎಣಿಸಿ ದರ ಹೇಳಿ. ಗೆರೆಯ ಒಳಗೆ ಎಲ್‌ಇಡಿ ಮಾಡ್ಯೂಲ್ ಕೂರುತ್ತದೆಯೇ ಎಂದು ಒತ್ತಿನ ತೆಳು ಗೆರೆಯಲ್ಲಿ ಅಳೆದು ನೋಡಿ, ದಪ್ಪ ಮೈಯಲ್ಲಿ ಅಲ್ಲ. ಕೂರದಿದ್ದರೆ ಒತ್ತನ್ನು ಮಾತ್ರ ದೊಡ್ಡದು ಮಾಡಬೇಡಿ, ಇಡೀ ಪದವನ್ನು ದೊಡ್ಡದು ಮಾಡಿ, ಅಥವಾ ಹಿಂದಿನಿಂದ ಬೆಳಕು ಬೀಳುವ ಬೋರ್ಡಿಗೆ ಬದಲಿಸಿ.

ಫಿಟ್ಟಿಂಗಿಗೆ ಹೊರಡುವಾಗ ಪೂರ್ತಿ ಅಳತೆಯ ಪೇಪರ್ ಪ್ರಿಂಟ್ ಒಂದನ್ನು ಜೊತೆಗೆ ಒಯ್ಯಿರಿ. ಅದನ್ನು ಗೋಡೆಗೆ ಅಂಟಿಸಿ, ಅದರ ಮೇಲೆಯೇ ರಂಧ್ರದ ಗುರುತು ಹಾಕಿ. ಆಗ ಣ್ಣೆಯ ಒತ್ತು ಯಾವ ಎತ್ತರಕ್ಕೆ, ಎಷ್ಟು ಬಲಕ್ಕೆ ಬರಬೇಕು ಎಂದು ಏಣಿಯ ಮೇಲೆ ನಿಂತ ಹುಡುಗನಿಗೆ ಕೆಳಗಿನಿಂದ ಕೂಗಿ ಹೇಳಬೇಕಾಗಿಲ್ಲ.